ಹಳೆಯ ಕಾಗದದ ಸಾಕ್ಷ್ಯ: ಗಡಿನಾಡಿನಿಂದ ‘ವಂಶವೃಕ್ಷ’ದ ಮರು ಓದು

1

ತಲೆಮಾರುಗಳಿಂದ ಒಪ್ಪಿಕೊಂಡು ಬಂದ ಮನೆತನದ ಚರಿತ್ರೆಯನ್ನು ಹಳೆಯ ಕಾಗದವೊಂದು ಬುಡಮೇಲು ಮಾಡುವ ಪ್ರಸಂಗ ಕನ್ನಡ ಕಾದಂಬರಿಯಲ್ಲಿ ತನ್ನ ತೀವ್ರ ರೂಪವನ್ನು ಪಡೆದದ್ದು ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ (1965). ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ತಮ್ಮ ಬಾಳನ್ನೆಲ್ಲ ಶ್ರೋತ್ರಿಯ ವಂಶದ ಶುದ್ಧಿ, ಅದರ ಋಣ, ಅದರ ಮುಂದುವರಿಕೆ ಎಂಬ ಮೂರು ನಂಬಿಕೆಗಳ ಮೇಲೆ ನಿಲ್ಲಿಸಿಕೊಂಡವರು. ಬಾಳಿನ ಸಂಜೆಯಲ್ಲಿ ಅವರಿಗೆ ತಿಳಿದುಬರುವ ಸಂಗತಿಯೆಂದರೆ, ತಾವು ಆ ವಂಶದ ರಕ್ತಕ್ಕೆ ಸೇರಿದವರೇ ಅಲ್ಲ. ದಾಯಾದಿಗೆ ಆಸ್ತಿ ಹೋಗಬಾರದೆಂಬ ಹಟದಿಂದ ತಂದೆಯೆನಿಸಿಕೊಂಡವರು ಮಾಡಿದ ಏರ್ಪಾಡಿನ ಫಲವಾಗಿ ತಾವು ಹುಟ್ಟಿದವರು ಎಂಬುದು. ಮನೆಯ ಹಳೆಯ ಕಾಗದಪತ್ರಗಳಿಂದ ಮೊದಲಾಗಿ ಬಯಲಾಗುವ ಈ ಸಂಗತಿ ಕಾದಂಬರಿಯ ಹೆಸರನ್ನೇ ಪ್ರಶ್ನೆಯಾಗಿ ಮಾರ್ಪಡಿಸುತ್ತದೆ.

‘ವಂಶವೃಕ್ಷ’ದ ಕುರಿತ ವಿಮರ್ಶೆ ಬಹುಮಟ್ಟಿಗೆ ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷದ ಸುತ್ತ, ವಿಧವೆ ಕಾತ್ಯಾಯನಿಯ ಮರುಮದುವೆ ಹಾಗೂ ಅವಳಿಗೆ ಕಥೆ ಒದಗಿಸುವ ಕಠೋರ ಅಂತ್ಯದ ಸುತ್ತ ಬೆಳೆದಿದೆ. ಆ ಚರ್ಚೆಗೆ ಅದರದೇ ಆದ ಬೆಲೆಯುಂಟು. ಆದರೆ ಕಥೆಯ ತಿರುವಿಗೆ ಕಾರಣವಾದ ಕಾಗದ ಎಂಥದು, ಅದನ್ನು ಓದಿದವರು ಹೇಗೆ ಓದಿದರು, ಬೇರೆ ರೀತಿಯ ಓದು ಸಾಧ್ಯವಿತ್ತೆ ಎಂಬ ಪ್ರಶ್ನೆಗಳು ಅಷ್ಟಾಗಿ ಮುಂದೆ ಬಂದಿಲ್ಲ. ಕರ್ನಾಟಕದ ಗಡಿಯಾಚೆ ನೆಲೆನಿಂತ ಕನ್ನಡ ಸಮುದಾಯಗಳ ದಾಖಲೆಗಳೊಡನೆ ವ್ಯವಹರಿಸುವವರಿಗೆ ಈ ಪ್ರಶ್ನೆ ಸಾಹಿತ್ಯಕವಾದದ್ದು ಮಾತ್ರವಲ್ಲ. ಅದೋನಿಯ ಕರಣಿಕ ಮನೆಗಳ ಕಡತ, ಅಕ್ಕಲಕೋಟೆಯ ಮೋಡಿ ಕಾಗದ, ಕಾಸರಗೋಡಿನ ಕವರುಗಳ ಪಾಲುಪಟ್ಟಿ—ಇವು ಯಾವುದೇ ದಿನ ಪೆಟ್ಟಿಗೆಯಿಂದ ಹೊರಬಂದು ಮನೆಯ ಹಿರಿಯರು ಹೇಳಿದ ಕಥೆಗೆ ಎದುರು ನಿಲ್ಲಬಲ್ಲವು. ಆಗ ಕಾಗದ ಗೆಲ್ಲಬೇಕೋ ಕಥೆ ಗೆಲ್ಲಬೇಕೋ ಎಂಬ ಇಕ್ಕಟ್ಟು ಎದುರಾಗುತ್ತದೆ. ಈ ಇಕ್ಕಟ್ಟು ಮೂಲತಃ ತಪ್ಪಾಗಿ ಹಾಕಿದ ಲೆಕ್ಕವೆಂಬುದನ್ನು ಭೈರಪ್ಪನವರ ಕಾದಂಬರಿಯ ಮಿತಿಯೂ ಶಕ್ತಿಯೂ ಒಟ್ಟಿಗೇ ತೋರಿಸಿಕೊಡುತ್ತವೆ.

2

ಕಾದಂಬರಿಯಲ್ಲಿ ಕಾಗದಗಳನ್ನು ಓದುವುದನ್ನೇ ಬಾಳಿನ ಕಾಯಕವಾಗಿಸಿಕೊಂಡವರು ಇಬ್ಬರು. ಒಬ್ಬರು ಶಾಸ್ತ್ರಗ್ರಂಥಗಳಲ್ಲಿ ಮುಳುಗಿದ ಶ್ರೋತ್ರಿಯರು. ಇನ್ನೊಬ್ಬರು ಭಾರತೀಯ ಸಂಸ್ಕೃತಿಯ ಚರಿತ್ರೆಯನ್ನು ಸಂಪುಟಗಳಲ್ಲಿ ಬರೆಯಲು ಹೊರಟ ಮೈಸೂರಿನ ಪ್ರಾಧ್ಯಾಪಕ ಸದಾಶಿವರಾವ್. ಇಬ್ಬರಿಗೂ ಪರಸ್ಪರ ಗೌರವವಿದೆ. ಇತಿಹಾಸಕಾರನು ಶಾಸ್ತ್ರಜ್ಞನ ಬಳಿಗೆ ಸಂದೇಹಗಳನ್ನು ಹೊತ್ತು ಬರುತ್ತಾನೆ. ಆದರೆ ಈ ಎರಡು ವಿದ್ವತ್ತುಗಳು ಒಂದೇ ಕಾಗದದ ಮುಂದೆ ಎಂದೂ ಕೂಡುವುದಿಲ್ಲ. ಸದಾಶಿವರಾಯನ ಇತಿಹಾಸಪ್ರಜ್ಞೆ ಶಿಲ್ಪ, ಶಾಸನ, ಸಾಮ್ರಾಜ್ಯಗಳ ಕಡೆಗೆ ಹರಿಯುತ್ತದೆಯೇ ಹೊರತು ಮನೆಯ ಕಡೆಗೆ ತಿರುಗುವುದಿಲ್ಲ; ಹೆಂಡತಿ ನಾಗಲಕ್ಷ್ಮಿಯ ಪಾಲಿಗಂತೂ ಆ ವಿದ್ವತ್ತು ಅವಳನ್ನು ಬಿಟ್ಟು ನಡೆಯಲು ಒದಗಿದ ಸಮರ್ಥನೆಯಾಗುತ್ತದೆ. ಇತ್ತ ಶ್ರೋತ್ರಿಯರ ಕೈಗೆ ಬಂದದ್ದು ಮನೆಯ ಕಾಗದ. ಅದನ್ನು ಅವರು ಓದುವುದು ಇತಿಹಾಸಕಾರನಂತಲ್ಲ, ಧರ್ಮನಿರ್ಣಯಕ್ಕೆ ಕುಳಿತ ಶಾಸ್ತ್ರಿಯಂತೆ. ಸಂಗತಿ ನಿಜವೆಂದು ಮನದಟ್ಟಾದ ಮೇಲೆ ಅವರ ಮುಂದಿರುವುದು ಒಂದೇ ಪ್ರಶ್ನೆ: ಈಗ ಧರ್ಮ ಯಾವುದು? ಆಸ್ತಿ ತನ್ನದಲ್ಲ, ಆದುದರಿಂದ ತ್ಯಾಗ. ವಂಶ ತನ್ನದಲ್ಲ, ಆದುದರಿಂದ ಸಂನ್ಯಾಸ.

ಈ ನಿರ್ಣಯದ ನೈತಿಕ ಎತ್ತರವನ್ನು ಅಲ್ಲಗಳೆಯುವಂತಿಲ್ಲ. ತನಗೆ ಲಾಭವಾಗಿರುವ ಸುಳ್ಳನ್ನು ಮುಚ್ಚಿಡಲು ಎಲ್ಲ ಅನುಕೂಲವಿದ್ದೂ ಮುಚ್ಚಿಡದಿರುವುದು ಸಣ್ಣ ಸಂಗತಿಯಲ್ಲ. ಆದರೂ ಆ ನಿರ್ಣಯದ ಒಳಗೆ ಪರೀಕ್ಷೆಗೊಳಗಾಗದ ಒಂದು ಪೂರ್ವಗ್ರಹಿಕೆ ಇದೆ. ವಂಶವೆಂದರೆ ತಂದೆಯಿಂದ ಮಗನಿಗೆ ಇಳಿಯುವ ರಕ್ತ. ಆ ರಕ್ತ ಒಮ್ಮೆ ತಪ್ಪಿದರೆ ಉಳಿದ ಎಲ್ಲವೂ—ಕಲಿತ ವಿದ್ಯೆ, ಪಾಲಿಸಿದ ಆಚಾರ, ಸಾಕಿದ ಮಕ್ಕಳು, ಮಾಡಿದ ಶ್ರಾದ್ಧ—ಬುನಾದಿಯಿಲ್ಲದ ಕಟ್ಟಡ. ಕಾಗದ ಹೇಳಿದ್ದು ಹುಟ್ಟಿನ ಸಂಗತಿಯನ್ನು ಮಾತ್ರ. ಆ ಸಂಗತಿಯಿಂದ ವಂಶವೇ ಇಲ್ಲವಾಯಿತೆಂಬ ತೀರ್ಮಾನ ಕಾಗದದ್ದಲ್ಲ, ಓದಿದವರದು. ಕಾದಂಬರಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ತೀರ್ಮಾನವೂ ದಾಖಲೆಯ ಅಧಿಕಾರವನ್ನು ಪಡೆದುಕೊಂಡುಬಿಡುತ್ತದೆ.

ಅದೇ 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಓಲೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ, ಗ್ರಂಥ ಮೌನವಾಗಿರುತ್ತದೆ. ಆ ಮೌನವೇ ಅವರನ್ನು ತಮ್ಮ ಹೊಣೆಗೆ ತಾವೇ ನಿಲ್ಲುವಂತೆ ಮಾಡುತ್ತದೆ. ‘ವಂಶವೃಕ್ಷ’ದಲ್ಲಿ ಕಾಗದ ಮಾತಾಡುತ್ತದೆ, ಮಾತಾಡಿದ್ದರಿಂದಲೇ ಮುಂದಿನ ವಿಚಾರಣೆ ನಿಂತುಹೋಗುತ್ತದೆ. ದಾಖಲೆ ಸಿಗದಿರುವುದಕ್ಕಿಂತ ದಾಖಲೆ ಸಿಕ್ಕಿರುವುದು ಕೆಲವೊಮ್ಮೆ ಯೋಚನೆಗೆ ಹೆಚ್ಚು ಅಡ್ಡಿಯಾಗಬಲ್ಲದು ಎಂಬ ಸೂಕ್ಷ್ಮವನ್ನು ಈ ಎರಡು ಕೃತಿಗಳು ತಮಗರಿವಿಲ್ಲದೆಯೇ ಜೊತೆಯಾಗಿ ಹೇಳುತ್ತವೆ.

3

ಹಳೆಯ ವಂಶಾವಳಿಯೊಂದು ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾರ ಮುಂದೆ ಇಡಲು ಬರೆದದ್ದು ಎಂಬುದು. ಮನೆತನದ ಚರಿತ್ರೆಯನ್ನು ಜನ ಸುಮ್ಮನೆ ಬರೆದಿಡುವುದಿಲ್ಲ. ಮೊಮ್ಮಕ್ಕಳಿಗೆ ಹೇಳಲು ಬಾಯಿಮಾತೇ ಸಾಕು. ಬರೆದಿಡಬೇಕಾಗಿ ಬರುವುದು ಅಧಿಕಾರಿಯೋ ನ್ಯಾಯಾಧೀಶನೋ ದಾಯಾದಿಯೋ ಎದುರಿಗೆ ನಿಂತಾಗ.

ಅದೋನಿ, ರಾಯದುರ್ಗ, ಮಡಕಶಿರ ಸೀಮೆಯ ಉದಾಹರಣೆ ಇದಕ್ಕೆ ತಕ್ಕುದು. 1800ರಲ್ಲಿ ನಿಜಾಮನು ಈ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಆಡಳಿತ ನಡೆಸಿದನು. ಪಾಳೆಯಗಾರರ ಬಲ ಮುರಿಯಿತು. ಹಲವರು ನೆಲೆ ಕಳೆದುಕೊಂಡರು, ಕೆಲವರು ಪಿಂಚಣಿಗೆ ಇಳಿದರು. ಅದೇ ಕಾಲಘಟ್ಟದಲ್ಲಿ ಕಾಲಿನ್ ಮೆಕೆಂಜಿಯ ಸಹಾಯಕರು—ಕಾವಲಿ ಸೋದರರೂ ಅವರ ಜೊತೆಗಾರರೂ—ಊರೂರು ಸುತ್ತಿ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಕೂಡಿಸಿದರು. ಮೆಕೆಂಜಿಗೆ ಬೇಕಾದದ್ದು ನಾಡಿನ ಚರಿತ್ರೆ; ಆದರೆ ಹೇಳುವವನ ಕಣ್ಣಿಗೆ ಅವನೂ ಕಂಪನಿ ಸರ್ಕಾರದ ಮನುಷ್ಯನೇ. ಕಳೆದುಹೋದ ಉಂಬಳಿ, ನಿಂತುಹೋದ ಮರ್ಯಾದೆ, ಮರಳಿ ಸಿಗಬಹುದಾದ ಪಿಂಚಣಿ—ಇವುಗಳ ನೆರಳು ಅಂಥ ಬರವಣಿಗೆಯ ಮೇಲೆ ಬೀಳದಿರಲು ಸಾಧ್ಯವಿರಲಿಲ್ಲ. ಎಂ. ಎಂ. ಕಲಬುರ್ಗಿಯವರ ಸಂಪಾದನೆಯ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟದ ಮೂಲಕ ಈ ಬಗೆಯ ಬರವಣಿಗೆ ಕನ್ನಡ ಓದುಗರಿಗೆ ಹತ್ತಿರವಾಯಿತು.

ಇಂಥ ವಂಶಾವಳಿಗಳ ಓದಿನ ಕ್ರಮವನ್ನು ಎರಡು ಅಧ್ಯಯನಗಳು ಬದಲಿಸಿವೆ. ನಿಕೋಲಸ್ ಡರ್ಕ್ಸ್ ಅವರ ‘ದಿ ಹಾಲೋ ಕ್ರೌನ್’ (1987) ತಮಿಳು ಪಾಳೆಯಗಾರರ ವಂಶಾವಳಿಗಳನ್ನು ರಾಜನೊಡನೆ ಮನೆತನಕ್ಕಿದ್ದ ಸಂಬಂಧದ ಹೇಳಿಕೆಗಳನ್ನಾಗಿ ಓದಿತು: ಮೂಲಪುರುಷನ ಸಾಹಸ, ರಾಜನ ಮೆಚ್ಚುಗೆ, ಬಿರುದು, ಭೂಮಿ ಎಂಬ ಸರಣಿಯೇ ಅಲ್ಲಿ ಅರ್ಥವನ್ನು ಹೊತ್ತಿರುತ್ತದೆ. ವೇಲ್ಚೇರು ನಾರಾಯಣರಾವ್, ಡೇವಿಡ್ ಶುಲ್ಮನ್, ಸಂಜಯ್ ಸುಬ್ರಹ್ಮಣ್ಯಂ ಅವರ ‘ಟೆಕ್ಸ್ಚರ್ಸ್ ಆಫ್ ಟೈಮ್’ (2001) ಕರಣಿಕರ ಬರವಣಿಗೆಯಲ್ಲಿ ಚರಿತ್ರೆಯ ಪ್ರಜ್ಞೆ ಇತ್ತೆಂದೂ, ಸಂಗತಿಯನ್ನು ಸಂಗತಿಯಾಗಿ ಓದಬೇಕೋ ಬೇಡವೋ ಎಂಬ ಗುರುತುಗಳು ಪಠ್ಯದ ಒಳಗೇ ಇರುತ್ತವೆಯೆಂದೂ ವಾದಿಸಿತು. ಎರಡರ ನಿಲುವುಗಳು ಒಂದೇ ಅಲ್ಲ. ಆದರೆ ವಂಶಾವಳಿಯನ್ನು ನಿಜ-ಸುಳ್ಳು ಎಂಬ ಒಂದೇ ತಕ್ಕಡಿಯಲ್ಲಿ ತೂಗಿ ಕೈತೊಳೆದುಕೊಳ್ಳುವ ಕ್ರಮವನ್ನು ಎರಡೂ ಕೈಬಿಡುತ್ತವೆ.

ಸೊಲ್ಲಾಪುರದ ಕಡೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಮುಂಬಯಿ ಪ್ರಾಂತದಲ್ಲಿ 1852ರ ಕಾಯ್ದೆಯ ಬಲದಿಂದ ಕೆಲಸ ನಡೆಸಿದ ಇನಾಮು ಕಮಿಶನ್ನಿನ ಮುಂದೆ ಇನಾಮುದಾರರು ತಮ್ಮ ಭೂಮಿಯ ಹಕ್ಕನ್ನು ಸನದು ಮತ್ತು ವಂಶಾವಳಿಗಳಿಂದ ಸ್ಥಾಪಿಸಬೇಕಾಯಿತು. ಆ ಸಂದರ್ಭದಲ್ಲಿ ಬರೆದ ವಂಶಾವಳಿಯಲ್ಲಿ ಹಕ್ಕು ಇಳಿದುಬಂದ ಕವಲು ಮುಂದೆ ನಿಲ್ಲುವುದು, ಇಳಿದುಬರದ ಕವಲು ಹಿಂದೆ ಸರಿಯುವುದು ಸಹಜ. ಮಕ್ಕಳಿಲ್ಲದೆ ಸತ್ತವನು, ಮನೆ ಬಿಟ್ಟು ಹೋದವನು, ಬೇರೆ ಪಂಥಕ್ಕೆ ಸೇರಿದವನು, ಮದುವೆಯಾಗಿ ಹೋದ ಹೆಣ್ಣು—ಇವರಿಗೆ ಅಂಥ ಪಟ್ಟಿಯಲ್ಲಿ ಕೆಲಸವಿಲ್ಲ. ಅದು ಸುಳ್ಳು ಪಟ್ಟಿಯಲ್ಲ, ಹಕ್ಕಿನ ಪಟ್ಟಿ. ಅದನ್ನು ಮನೆತನದ ಚರಿತ್ರೆಯೆಂದು ಓದಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಮನೆಯಲ್ಲಿ ಕನ್ನಡವಾಡುತ್ತ ಮೋಡಿಯಲ್ಲಿ ಲೆಕ್ಕ ಬರೆದಿಟ್ಟ ಕುಟುಂಬಗಳಲ್ಲಿ ಇನ್ನೊಂದು ತೊಡಕೂ ಇದೆ. ಲಿಪಿ ಬಲ್ಲ ಪೀಳಿಗೆ ಸರಿದುಹೋದ ಮೇಲೆ ಕಾಗದ ಓದಲಾಗದ ಪವಿತ್ರ ವಸ್ತುವಾಗಿ ಉಳಿಯುತ್ತದೆ. ಓದಲಾಗದ ಕಾಗದಕ್ಕೆ ಓದಲಾಗುವ ಕಾಗದಕ್ಕಿಂತ ಹೆಚ್ಚಿನ ಅಧಿಕಾರ ಬರುತ್ತದೆ.

‘ವಂಶವೃಕ್ಷ’ದ ಕಾಗದವೂ ದಾಯಾದಿ ಜಗಳದ ನೆರಳಿನಲ್ಲೇ ಇದೆ. ಶ್ರೋತ್ರಿಯರು ಹುಟ್ಟಿದ್ದೇ ಆ ಜಗಳದ ಕಾರಣದಿಂದ. ಅಂದಮೇಲೆ ಹೊರಬಂದ ಸಂಗತಿ ನಿಜವಾಗಿದ್ದರೂ ಅದರ ಬೆನ್ನಿಗೆ ಇನ್ನೊಂದು ನಿಜವಿದೆ: ಆ ಮನೆಯಲ್ಲಿ ‘ವಂಶ’ವೆಂಬ ಮಾತು ಆಗಲೇ ಆಸ್ತಿಯ ಇನ್ನೊಂದು ಹೆಸರಾಗಿತ್ತು. ವಂಶವನ್ನು ಉಳಿಸಲೆಂದು ಒಬ್ಬನು ವಂಶವನ್ನೇ ಮುರಿದನೆಂಬ ವ್ಯಂಗ್ಯವನ್ನು ಕಾದಂಬರಿ ಕಟ್ಟಿಕೊಡುತ್ತದೆ. ಆದರೆ ಆ ವ್ಯಂಗ್ಯ ವಂಶದ ಪರಿಕಲ್ಪನೆಯ ಮೇಲೆ ಎರಗುವ ಬದಲು ಒಬ್ಬ ವ್ಯಕ್ತಿಯ ದುರುಳತನದಲ್ಲಿ ಕರಗಿಹೋಗುತ್ತದೆ.

4

ಎರಡನೆಯ ಪ್ರಶ್ನೆ, ಕಾಗದ ಯಾವ ಎಣಿಕೆಯನ್ನು ನಂಬಿ ನಿಂತಿದೆ ಎಂಬುದು. ಶ್ರೋತ್ರಿಯರ ಮನೆಯ ಕಾಗದವನ್ನು ಕಾಸರಗೋಡಿನ ಬಂಟ ಅಥವಾ ಬಿಲ್ಲವ ಮನೆಯೊಂದರಲ್ಲಿ ಇಟ್ಟು ನೋಡಬೇಕು. ಅಳಿಯಸಂತಾನದ ಲೆಕ್ಕದಲ್ಲಿ ಮಗುವಿನ ಬಳಿ ತಾಯಿಯ ಬಳಿ; ಮನೆತನದ ಕವರು ಹೆಣ್ಣಿನಿಂದ ಕವಲೊಡೆಯುತ್ತದೆ; ಯಜಮಾನನ ನಂತರದ ಹಕ್ಕು ಅಕ್ಕತಂಗಿಯರ ಸಂತಾನದ ಕಡೆಗೆ ಸಾಗುತ್ತದೆ. ಅಲ್ಲಿ ತಂದೆ ಯಾರೆಂಬ ಸಂಗತಿ ಮಾನ-ಅಪಮಾನದ ವಿಷಯವಾಗಬಹುದು. ಸಂತಾನದ ಬುನಾದಿಯನ್ನು ಕದಲಿಸುವ ವಿಷಯವಾಗಲಾರದು. ಅದೇ ಊರಿನ ಶಿವಳ್ಳಿ ಅಥವಾ ಹವ್ಯಕ ಮನೆಯಲ್ಲಿ, ಮಕ್ಕಳಸಂತಾನದ ಲೆಕ್ಕದಲ್ಲಿ, ಅದೇ ಕಾಗದ ಸಿಡಿಲಾಗುತ್ತದೆ. ಗದ್ದೆಯ ಒಂದೇ ಹುಣಿಯ ಆಚೆ-ಈಚೆ ಕಾಗದದ ಅರ್ಥ ಬದಲಾಗುತ್ತದೆಯೆಂದಾದರೆ ಅರ್ಥವಿರುವುದು ಕಾಗದದಲ್ಲಿ ಮಾತ್ರವಲ್ಲ. ನಂಜನಗೂಡಿನಿಂದ ಓದಿದಾಗ ಮಾನವಜನ್ಮದ ಸಾರ್ವತ್ರಿಕ ದುರಂತವೆಂಬಂತೆ ಕಾಣುವುದು ಕುಂಬಳೆ ಸೀಮೆಯಿಂದ ಓದಿದಾಗ ಒಂದು ನಿರ್ದಿಷ್ಟ ಎಣಿಕೆಯ ದುರಂತವಾಗಿ ಕಾಣುತ್ತದೆ. ಇದರಿಂದ ಕಾದಂಬರಿ ಕಿರಿದಾಗುವುದಿಲ್ಲ; ಅದು ನಿಂತ ನೆಲ ಯಾವುದೆಂಬುದು ತಿಳಿಯುತ್ತದೆ.

ಅಳಿಯಸಂತಾನದ ಚರಿತ್ರೆಯೇ ದಾಖಲೆಯ ಕುರಿತ ಇನ್ನೊಂದು ಪಾಠವನ್ನು ಇಟ್ಟುಕೊಂಡಿದೆ. ಈ ಪದ್ಧತಿಯ ಮೂಲವನ್ನು ಭೂತಾಳಪಾಂಡ್ಯನಿಗೆ ಒಯ್ದು ಸೇರಿಸುವ ಐತಿಹ್ಯ ತುಳುನಾಡಿನಲ್ಲಿ ಎಲ್ಲರಿಗೂ ಗೊತ್ತು: ಕುಂಡೋದರನು ಬಲಿ ಬೇಡಿದಾಗ ಅರಸನ ಹೆಂಡತಿ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಆದುದರಿಂದ ಹಕ್ಕು ಅಳಿಯನಿಗೆ ಬಂತು. ಈ ಅರಸನ ಹೆಸರಿನಲ್ಲಿ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಪಠ್ಯವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ವ್ಯಾಜ್ಯಗಳಲ್ಲಿ ಪ್ರಮಾಣಗ್ರಂಥವಾಗಿ ಉಲ್ಲೇಖಗೊಂಡಿತು. ಅಳಿಯಸಂತಾನ ಕುಟುಂಬದ ಸದಸ್ಯರು ಹಕ್ಕಿನಿಂದ ಪಾಲು ಕೇಳುವಂತಿಲ್ಲವೆಂಬ ನಿಲುವನ್ನು ಮದರಾಸು ಹೈಕೋರ್ಟು 1863ರಲ್ಲಿ ತಳೆಯಿತು. ಮದರಾಸು ಪ್ರಾಂತದ ನ್ಯಾಯಾಂಗ ಸೇವೆಯಲ್ಲಿದ್ದ ವಿದ್ವಾಂಸ ಎ. ಸಿ. ಬರ್ನೆಲ್ ಮಾತ್ರ ಆ ಪಠ್ಯವನ್ನು ಪ್ರಾಚೀನವೆಂದು ಒಪ್ಪದೆ ಈಚಿನ ಕೂಟಸೃಷ್ಟಿಯೆಂದು ತಳ್ಳಿಹಾಕಿದನು. ಪಾಲಿನ ಹಕ್ಕು ಶಾಸನಬದ್ಧವಾಗಿ ದೊರೆಯಲು 1949ರ ಮದರಾಸು ಅಳಿಯಸಂತಾನ ಕಾಯ್ದೆಯವರೆಗೆ ಕಾಯಬೇಕಾಯಿತು.

ಇಲ್ಲಿ ಗಮನಿಸಬೇಕಾದ್ದು ಸಂಗತಿಯ ಎರಡು ಎಳೆಗಳನ್ನು. ಬರ್ನೆಲ್ಲನ ಮಾತನ್ನು ಒಪ್ಪಿದರೆ ಪಠ್ಯ ಕೂಟ. ಆದರೆ ಪದ್ಧತಿ ಕೂಟವಲ್ಲ. ಅಳಿಯಕಟ್ಟು ಜನ ಬಾಳಿದ ಬಾಳು. ಅದಕ್ಕೆ ಭೂತಾಳಪಾಂಡ್ಯನ ಕಾಗದ ಬೇಕಾಗಿರಲಿಲ್ಲ. ಕಾಗದ ಬೇಕಾಗಿದ್ದದ್ದು ನ್ಯಾಯಾಲಯಕ್ಕೆ. ಬರಹವಿಲ್ಲದ ವಾಡಿಕೆಗಿಂತ ಬರೆದ ಕಟ್ಟಳೆಯನ್ನು ಹೆಚ್ಚು ನಂಬಿದ ಆಡಳಿತದ ಮುಂದೆ, ನಿಜವಾದ ವಾಡಿಕೆಗೂ ಹುಸಿ ವಂಶಾವಳಿಯೊಂದು ಬೇಕಾಯಿತು. ದಾಖಲೆ ಬಿದ್ದರೆ ಅದು ಹೇಳಿದ ಬಾಳೂ ಬೀಳುತ್ತದೆಂಬ ನಂಬಿಕೆಗೆ ಇದಕ್ಕಿಂತ ಬಲವಾದ ಎದುರುಮಾತು ಸಿಗಲಾರದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, 1975ರ ಕೇರಳದ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು. ತಲಪಾಡಿಯ ಗಡಿಯ ಆಚೆ-ಈಚೆ ಒಂದೇ ಕುಟುಂಬದ ಕವರುಗಳು ಎರಡು ರಾಜ್ಯಗಳ ಕಾನೂನಿನ ಕೆಳಗೆ ಬಂದವು. ಬಳಿಯ ನೆನಪು ಮಾತ್ರ ಮದುವೆಯ ಮಾತುಕತೆಯಲ್ಲಿ, ದೈವದ ಚಾವಡಿಯಲ್ಲಿ ಕಾನೂನಿನ ಹೊರಗೂ ಉಳಿದಿದೆ.

ಅಕ್ಕಲಕೋಟೆಯ ಅರಸುಮನೆತನದ ಆರಂಭ ಇದೇ ಮಾತನ್ನು ಮತ್ತೊಂದು ಬದಿಯಿಂದ ಹೇಳುತ್ತದೆ. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಗೊಂಡು ಶಾಹು ಮಹಾರಾಜನು ಮರಳುತ್ತಿದ್ದಾಗ ಪಾರದ ಗ್ರಾಮದಲ್ಲಿ ಕಾಳಗ ನಡೆದು ಅಲ್ಲಿನ ಪಾಟೀಲ ಲೋಖಂಡೆ ಮಡಿದನು. ಅವನ ಹೆಂಡತಿ ತನ್ನ ಎಳೆಯ ಮಗನನ್ನು ಶಾಹುವಿನ ಮುಂದೆ ಇಟ್ಟಳು. ರಾಣೋಜಿ ಎಂಬ ಆ ಮಗು ಫತೇಸಿಂಹ ಭೋಸಲೆಯಾಗಿ ಬೆಳೆದು ಅಕ್ಕಲಕೋಟೆಯ ಮನೆತನಕ್ಕೆ ಮೂಲಪುರುಷನಾದನು. ಕನ್ನಡ ಮಾತಾಡುವ ಪ್ರಜೆಗಳನ್ನು ಆಳಿದ ಒಂದು ಭೋಸಲೆ ಮನೆತನ ಹುಟ್ಟಿನಿಂದ ಲೋಖಂಡೆಯದು. ಇದನ್ನು ಯಾರೂ ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಮನೆತನದ ಹೆಮ್ಮೆಯ ಕಥೆಯೇ ಇದು. ಇಲ್ಲಿ ವಂಶ ರಕ್ತದಿಂದ ಇಳಿದದ್ದಲ್ಲ, ಕೊಟ್ಟದ್ದು ಮತ್ತು ಒಪ್ಪಿದ್ದು. ಶ್ರೋತ್ರಿಯರ ಜನ್ಮದ ಸಂಗತಿಗೂ ಫತೇಸಿಂಹನ ಸಂಗತಿಗೂ ಇರುವ ಮುಖ್ಯ ಅಂತರ ರಕ್ತದ್ದಲ್ಲ, ಗುಟ್ಟಿನದು. ಬಹಿರಂಗವಾಗಿ ಒಪ್ಪಿದ ಬೇರೆ ರಕ್ತ ವಂಶವಾಗುತ್ತದೆ. ಗುಟ್ಟಾಗಿ ತಂದ ಬೇರೆ ರಕ್ತ ವಂಚನೆಯಾಗುತ್ತದೆ. ದತ್ತಕವನ್ನು ಬಲ್ಲ, ಅದರ ವಿಧಿಯನ್ನು ಶಾಸ್ತ್ರದಲ್ಲಿ ಓದಿದ ಶ್ರೋತ್ರಿಯರಿಗೆ ಈ ಅಂತರ ತಿಳಿಯದ್ದಲ್ಲ. ಆದರೂ ಅವರ ವಿಚಾರಣೆ ಆ ದಾರಿಯನ್ನು ಹಿಡಿಯುವುದಿಲ್ಲ.

5

ಇಷ್ಟರಿಂದ ಯಾವ ಕಾಗದಕ್ಕೂ ನಿಜವನ್ನು ಹೇಳುವ ಶಕ್ತಿಯಿಲ್ಲ, ಎಲ್ಲವೂ ಹಿತಾಸಕ್ತಿಯ ಬರಹ ಎಂಬ ಸುಲಭ ತೀರ್ಮಾನಕ್ಕೆ ಬರುವುದು ಇನ್ನೊಂದು ಬಗೆಯ ಸೋಮಾರಿತನ. ಮನೆಯ ಕಥೆ ಕಾಗದಕ್ಕೆ ಮಣಿಯಲೇಬೇಕಾದ ಸಂದರ್ಭಗಳೂ ಇವೆ.

ನೀಲಗಿರಿಯ ಬಡಗರಲ್ಲಿ ಬೆಟ್ಟವೇರಿ ಬಂದ ಕಥೆಗೆ ಹಲವು ಪಾಠಗಳಿವೆ. ಬಯಲಿನ ಮುಸ್ಲಿಂ ಒಡೆಯನೊಬ್ಬ ಮನೆಯ ಹೆಣ್ಣನ್ನು ಬಯಸಿದ್ದರಿಂದ ಸೋದರರು ತಂಗಿಯೊಡನೆ ಓಡಿಬಂದರೆಂಬುದು ಅವುಗಳಲ್ಲಿ ಪದೇ ಪದೇ ಕಾಣುವ ಎಳೆ. ಕೆಲವು ನಿರೂಪಣೆಗಳಲ್ಲಿ ಆ ಒಡೆಯ ಟಿಪ್ಪುವೇ ಆಗಿದ್ದಾನೆ. ಆದರೆ ಜೆಸ್ಯುಯಿಟ್ ಪಾದ್ರಿ ಫೆನಿಚಿಯೊ 1603ರಲ್ಲಿ ಬೆಟ್ಟವೇರಿ ಬರೆದ ವರದಿಯಲ್ಲಿ ಬಡಗರು ಅಲ್ಲಿ ಆಗಲೇ ಊರು ಕಟ್ಟಿ ನೆಲಸಿದ್ದಾರೆ. ಆ ವರದಿಯ ಅನುವಾದವನ್ನು ಡಬ್ಲ್ಯು. ಎಚ್. ಆರ್. ರಿವರ್ಸ್ ತೋಡರ ಕುರಿತ ತನ್ನ 1906ರ ಗ್ರಂಥದಲ್ಲಿ ಸೇರಿಸಿದನು. ಟಿಪ್ಪು ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲಿನ ಈ ಕಾಗದದ ಮುಂದೆ ಟಿಪ್ಪುವಿನ ಪಾಠ ನಿಲ್ಲಲಾರದು. ಬರೆದವನಿಗೆ ಬಡಗರ ವಂಶಹಕ್ಕಿನಲ್ಲಿ ಯಾವ ಪಾಲೂ ಇರಲಿಲ್ಲ; ಅವನು ಹುಡುಕಿ ಬಂದದ್ದು ಬೆಟ್ಟದ ಮೇಲೆ ಮರೆತುಹೋದ ಕ್ರೈಸ್ತರಿದ್ದಾರೆಂಬ ಸುದ್ದಿಯ ಜಾಡನ್ನು. ತನಗೆ ಬೇಡದ್ದನ್ನು ದಾರಿಯಲ್ಲಿ ಕಂಡು ಬರೆದಿಟ್ಟವನ ಸಾಕ್ಷ್ಯಕ್ಕೆ ಹಕ್ಕುದಾರನ ಸಾಕ್ಷ್ಯಕ್ಕಿಂತ ಹೆಚ್ಚಿನ ತೂಕವುಂಟು.

ಆದರೂ ಆ ಕಥೆ ಕಸದ ಬುಟ್ಟಿಗೆ ಹೋಗಬೇಕಾದದ್ದಲ್ಲ. ಅರಸನ ಹೆಸರು ಬದಲಾಗುತ್ತದೆ. ಉತ್ತರದಿಂದ ಬಂದವರು, ಹೆಣ್ಣಿನ ಮಾನಕ್ಕಾಗಿ ನೆಲ ಬಿಟ್ಟವರು ಎಂಬ ತಿರುಳು ಉಳಿಯುತ್ತದೆ. ‘ಬಡಗ’ ಎಂಬ ಹೆಸರೇ ಬಡಗಣ ದಿಕ್ಕನ್ನು ಹೊತ್ತಿದೆ. ಬಾಯಿಮಾತು ಕಾಲವನ್ನು ತಪ್ಪಬಹುದು, ದಿಕ್ಕನ್ನು ತಪ್ಪಿಲ್ಲ. ಕಾಗದ ತಿದ್ದಬೇಕಾದ್ದು ಯಾವುದನ್ನು, ಮುಟ್ಟಬಾರದ್ದು ಯಾವುದನ್ನು ಎಂಬ ವಿವೇಕವೇ ಇಲ್ಲಿ ಬೇಕಾದ್ದು.

ಗೋವೆಯ ಉದಾಹರಣೆ ಇನ್ನೂ ಕಹಿಯಾದದ್ದು. 1560ರ ದಶಕದಲ್ಲಿ ಪೋರ್ಚುಗೀಸರು ಸಾಷ್ಟಿಯ ದೇವಾಲಯಗಳನ್ನು ಕೆಡವಿದಾಗ ಮೂರ್ತಿಗಳು ನದಿ ದಾಟಿದವು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ವೆರಣೆಯ ಮ್ಹಾಳಸಾ ಮಾರ್ದೋಳಕ್ಕೆ ಹೋದವು. ಅದೇ ಹೊತ್ತಿನಲ್ಲಿ ಆ ಗುಡಿಗಳ ಭೂಮಿ-ಆದಾಯಗಳನ್ನು ಚರ್ಚಿಗೆ ಒಪ್ಪಿಸಲು ಪಟ್ಟಿ ಮಾಡಲಾಯಿತು. ಇಂದು ಕಣ್ಮರೆಯಾದ ಗುಡಿಗಳ ಹೆಸರು, ಅವುಗಳ ಗದ್ದೆ-ತೋಟಗಳ ವಿವರ ತಿಳಿಯುವುದು ಆ ಪಟ್ಟಿಗಳಿಂದಲೇ. ಕೆಡವಿದವರ ಕಾಗದವೇ ಕೆಡವಲ್ಪಟ್ಟವರ ಸಾಕ್ಷಿಯಾಗಿ ಉಳಿದಿದೆ. ಈ ವಲಸೆಯ ಕಥೆಯನ್ನು ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ (2009) ಗೋವೆಯಿಂದ ಕುಂಬಳೆ ಸೀಮೆಯವರೆಗೆ, ತಲೆಮಾರುಗಳ ಉದ್ದಕ್ಕೆ ಹಬ್ಬಿಸುತ್ತದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಕೊಂಕಣಿಯಲ್ಲಿ ಬಾಳಿದ ಮನೆಗಳ ಚರಿತ್ರೆಯನ್ನು ಕನ್ನಡದಲ್ಲಿ ಹೇಳುತ್ತದೆ. ಅದು ಚಾರಿತ್ರಿಕ ವಿವರಗಳನ್ನು ಯಥೇಷ್ಟವಾಗಿ ಬಳಸಿಕೊಂಡರೂ ನಾಗ್ಡೊ ಬೇತಾಳನಂಥ ಅಲೌಕಿಕ ಪಾತ್ರವನ್ನು ಕಥನದ ನಡುವಿನಲ್ಲೇ ನಿಲ್ಲಿಸುತ್ತದೆ. ದಾಖಲೆ ಮತ್ತು ನೆನಪುಗಳಲ್ಲಿ ಒಂದನ್ನು ಗೆಲ್ಲಿಸುವ ಆತುರ ಅದಕ್ಕಿಲ್ಲ. ‘ವಂಶವೃಕ್ಷ’ ಒಂದೇ ಬೇರಿನ ಮರವನ್ನು ಕಲ್ಪಿಸಿ ಬೇರು ಕೊಳೆತದ್ದನ್ನು ಕಂಡು ಮರವನ್ನೇ ಬಿಟ್ಟುಕೊಟ್ಟರೆ, ‘ಸ್ವಪ್ನ ಸಾರಸ್ವತ’ ಕಿತ್ತು ನೆಟ್ಟ ಸಸಿ ಹೊಸ ಮಣ್ಣಿನಲ್ಲಿ ಬಿಡುವ ಬೇರುಗಳ ಕಥೆ ಹೇಳುತ್ತದೆ. ತಾತ್ತ್ವಿಕ ತೀವ್ರತೆಯಲ್ಲಿ ಮೊದಲನೆಯದು ಮುಂದು. ಮನೆತನವೆಂಬುದು ಹೇಗೆ ಉಳಿಯುತ್ತದೆಂಬ ತಿಳಿವಿನಲ್ಲಿ ಎರಡನೆಯದು ಮುಂದು.

6

ಮೂರನೆಯ ಪ್ರಶ್ನೆ ಉಳಿದಿದೆ: ಕಾಗದ ಯಾರ ಕುರಿತು ಹೇಳುತ್ತದೆ, ಯಾರ ದನಿಯಲ್ಲಿ ಹೇಳುವುದಿಲ್ಲ? ‘ವಂಶವೃಕ್ಷ’ದ ಗುಟ್ಟಿನ ನಡುವೆ ನಿಂತವಳು ಶ್ರೋತ್ರಿಯರ ತಾಯಿ. ಏರ್ಪಾಡು ಗಂಡನದು, ಆಸ್ತಿ ಗಂಡನದು, ಹಟ ಗಂಡನದು. ಮೈ ಮಾತ್ರ ಅವಳದು. ಹೊರಬಂದ ಸಂಗತಿಯಲ್ಲಿ ಅವಳಿದ್ದಾಳೆ, ಅವಳ ಮಾತಿಲ್ಲ. ಮಗನ ದುಃಖವೂ ತನ್ನ ವಂಶ ಯಾವುದೆಂಬುದರ ಸುತ್ತ ತಿರುಗುತ್ತದೆಯೇ ಹೊರತು ಆ ಮನೆಯಲ್ಲಿ ಅವಳು ಬಾಳಿದ ಬಾಳು ಎಂಥದೆಂಬುದರ ಕಡೆಗೆ ಹೆಚ್ಚು ದೂರ ಸಾಗುವುದಿಲ್ಲ.

ಕಾತ್ಯಾಯನಿಯ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಮರುಮದುವೆಯಾದ ಮೇಲೆ ಮಗನನ್ನು ಕರೆದೊಯ್ಯಲು ಬಂದ ಅವಳು ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಯಾರೂ ಅವಳನ್ನು ಬಲವಂತದಿಂದ ತಡೆಯುವುದಿಲ್ಲ. ಮಗು ಶ್ರೋತ್ರಿಯ ವಂಶದ ಕುಡಿಯೆಂಬ ಧರ್ಮದ ಮಾತೇ ತಡೆಯುತ್ತದೆ. ಆ ಮಾತಿನ ಬುನಾದಿಯೇ ಇಲ್ಲವೆಂದು ಮುಂದೆ ಕಾಗದ ತೋರಿಸುತ್ತದೆ. ತರ್ಕದ ಪ್ರಕಾರ ಆ ಕಾಗದದ ಮೊದಲ ಪರಿಣಾಮ ಕಾತ್ಯಾಯನಿಗೆ ಆಗಬೇಕಾಗಿತ್ತು: ಯಾವ ಹಕ್ಕಿನ ಹೆಸರಿನಲ್ಲಿ ತಾಯಿಯಿಂದ ಮಗ ದೂರವಾದನೋ ಆ ಹಕ್ಕು ಇರಲೇ ಇಲ್ಲ. ಕಾದಂಬರಿ ಕಾಗದದ ಲೆಕ್ಕವನ್ನು ಆಸ್ತಿಗೆ ಹಚ್ಚುತ್ತದೆ, ಸಂನ್ಯಾಸಕ್ಕೆ ಹಚ್ಚುತ್ತದೆ. ತಾಯಿಗಾದ ನಷ್ಟಕ್ಕೆ ಪೂರ್ತಿಯಾಗಿ ಹಚ್ಚುವುದಿಲ್ಲ. ಆ ಹೊತ್ತಿಗೆ ಅವಳು ಸಾವಿನ ಅಂಚಿಗೆ ಬಂದಿರುತ್ತಾಳೆ. ಭೂಮಿಯನ್ನು ಬಿಟ್ಟುಕೊಡಬಹುದು, ತಾಯಿಗೆ ತಪ್ಪಿದ ವರ್ಷಗಳನ್ನು ಬಿಟ್ಟುಕೊಡುವ ವಿಧಿ ಯಾವ ಶಾಸ್ತ್ರದಲ್ಲೂ ಇಲ್ಲ. ಶ್ರೋತ್ರಿಯರ ತ್ಯಾಗದ ಎತ್ತರದಿಂದ ನೋಡಿದಾಗ ಕಾಣದ ಈ ತಗ್ಗು, ತಾಯಿಯ ಕಡೆಯಿಂದ ಸಂತಾನವನ್ನು ಎಣಿಸುವ ನೆಲದಿಂದ ನೋಡಿದಾಗ ಮೊದಲು ಕಾಣುತ್ತದೆ.

ಗಡಿನಾಡಿನ ದಾಖಲೆಗಳ ಮಟ್ಟಿಗೆ ಈ ಓದಿನಿಂದ ಹೊರಡುವ ಮಾತು ಕೇವಲ ವಿಮರ್ಶೆಯದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಅದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದಾಗ ಊರುಗಳ ಜೊತೆಗೆ ಅವುಗಳ ಕಚೇರಿ ಕಾಗದಗಳ ಆಡಳಿತವೂ ಬೇರೆ ಭಾಷೆಗೆ ಹೊರಳಿತು. ಮನೆಯ ಪೆಟ್ಟಿಗೆಯಲ್ಲಿ ಕನ್ನಡದ ಕಡತ, ಕಚೇರಿಯಲ್ಲಿ ತೆಲುಗಿನ ಕಡತ. ಎರಡೂ ಒಂದೇ ಮನೆತನವನ್ನು ಬೇರೆ ಬೇರೆ ಹೆಸರಿನಿಂದ ಕರೆಯಬಲ್ಲವು. ಇಂಥ ಕಡೆ ಹಳೆಯ ಕಾಗದವೊಂದು ಹೊರಬಂದು ಹಿರಿಯರ ಮಾತನ್ನು ಸುಳ್ಳಾಗಿಸಿದರೆ, ಮನೆಯವರು ಅದನ್ನು ಸುಟ್ಟುಹಾಕುವ ಅಪಾಯವೂ ಇದೆ, ಅದನ್ನೇ ಪೂಜಿಸುವ ಅಪಾಯವೂ ಇದೆ. ಸುಡುವವರು ಕಾಗದಕ್ಕೆ ಹೆದರುತ್ತಾರೆ, ಪೂಜಿಸುವವರು ಕಾಗದವನ್ನು ಓದುವುದಿಲ್ಲ. ಎರಡರಲ್ಲೂ ನಷ್ಟವಾಗುವುದು ಒಂದೇ: ಆ ಮನೆ ಒಂದು ಕಾಲದಲ್ಲಿ ಯಾರ ಮುಂದೆ ನಿಂತು, ಏನನ್ನು ಉಳಿಸಿಕೊಳ್ಳಲು, ಯಾರನ್ನು ಬಿಟ್ಟು ಮಾತಾಡಿತೆಂಬ ತಿಳಿವು.

ಮನೆಯ ಕಥೆಯನ್ನು ಪ್ರಶ್ನಿಸುವ ಧೈರ್ಯ ಶ್ರೋತ್ರಿಯರಿಗಿತ್ತು. ಕಥೆಯನ್ನು ಪ್ರಶ್ನಿಸಿದ ಕಾಗದವನ್ನೂ, ಆ ಕಾಗದಕ್ಕೆ ತಾವು ಕೊಟ್ಟ ಅರ್ಥವನ್ನೂ ಮರಳಿ ಪ್ರಶ್ನಿಸುವ ಕೆಲಸ ಅವರಿಂದ ಆಗಲಿಲ್ಲ. ಕಡತಗಳನ್ನು ಕಾಪಾಡುವ, ಲಿಪ್ಯಂತರಿಸುವ, ಅರ್ಥೈಸುವ ವಿದ್ವತ್ತಿನ ಪಾಲಿಗೆ ಬಂದಿರುವುದು ಆ ಉಳಿದ ಅರ್ಧ ಕೆಲಸ. ಲಿಪ್ಯಂತರದ ಪಕ್ಕದಲ್ಲಿ ಅದೇ ಮನೆಯ ಹೆಂಗಸರ ಬಾಯಿಮಾತನ್ನೂ ಬರೆದಿಟ್ಟಾಗ, ಎರಡೂ ಹೊಂದದಿರುವಲ್ಲಿ ಹೊಂದುವುದಿಲ್ಲವೆಂದೇ ದಾಖಲಿಸಿದಾಗ, ಆ ಕೆಲಸ ಮೊದಲಾಗುತ್ತದೆ.